ಮಾನವ ಕಳ್ಳಸಾಗಣೆಯ ದೂರು: ಬೆಂಗಳೂರಿನಲ್ಲಿ ಯಾವ ಕಾನೂನು, ಯಾವ ಕಚೇರಿ, ಯಾವ ಕಾಗದ

"ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕಿರುವ ಹುಡುಗಿಗೆ ಹದಿನಾಲ್ಕು ತುಂಬಿದಂತೆ ಕಾಣುವುದಿಲ್ಲ, ಯಾರಿಗೆ ಹೇಳಬೇಕು?" "ಊರಿನಿಂದ ಕರೆತಂದ ಮೇಸ್ತ್ರಿ ನಮ್ಮವರನ್ನು ಇಟ್ಟಿಗೆ ಗೂಡಿನಿಂದ ಹೊರಗೆ ಬಿಡುತ್ತಿಲ್ಲ, ಠಾಣೆಯಲ್ಲಿ ಸಂಬಳದ ಜಗಳ ಎಂದು ಹೇಳಿ ಕಳುಹಿಸಿಬಿಟ್ಟರು, ಇನ್ನೇನು ಮಾಡುವುದು?" "ಇದಕ್ಕೆ ನಮ್ಮ ರಾಜ್ಯದ್ದೇ ಆದ ಕಾನೂನು ಇದೆಯೇ?" ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆಗಳು ಇವೇ ಆದ್ದರಿಂದ, ಬೆಂಗಳೂರಿನಲ್ಲಿರುವ ಸಾಮಾನ್ಯ ನಾಗರಿಕರೊಬ್ಬರು ಇಂಥ ಪ್ರಕರಣವನ್ನು ಮೊದಲ ಫೋನ್ ಕರೆಯಿಂದ ಪರಿಹಾರಧನದ ಅರ್ಜಿಯವರೆಗೆ ಹೇಗೆ ಕೊಂಡೊಯ್ಯಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಸಾಲದು, ಶಿಕ್ಷೆ ಹೆಚ್ಚಬೇಕು ಎಂಬ ಕೂಗು ಆಗಾಗ ಕೇಳಿಬರುತ್ತದೆ. ಆದರೆ ಈಗಿರುವ ಕಾನೂನಿನಲ್ಲಿಯೇ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಪ್ರಕರಣ ಸೊರಗುವುದು ಬಹುತೇಕ ಮೊದಲ ದಿನ ಬರೆದುಕೊಟ್ಟ ದೂರಿನಲ್ಲಿ. ಕಳ್ಳಸಾಗಣೆಯನ್ನು ಸಾಬೀತುಪಡಿಸುವ ಸಂಗತಿಗಳು ಆ ಕಾಗದದಲ್ಲಿ ಇಲ್ಲದಿದ್ದರೆ, ಅದು ಕಾಣೆಯಾದವರ ಪ್ರಕರಣವಾಗಿಯೋ ಕೂಲಿ ಬಾಕಿಯ ತಕರಾರಾಗಿಯೋ ಉಳಿದುಬಿಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ದೂರು ಬರೆಯುವ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಕಾನೂನು ಎಲ್ಲಿದೆ

ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ಸಂವಿಧಾನದ 23ನೇ ವಿಧಿಯೇ ನಿಷೇಧಿಸಿದೆ. ಕಳ್ಳಸಾಗಣೆಯ ಎಲ್ಲ ಮುಖಗಳನ್ನೂ ಒಳಗೊಳ್ಳುವ ಒಂದೇ ಸಮಗ್ರ ಕಾಯ್ದೆಗಾಗಿ ತಂದ ವಿಧೇಯಕವನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತಾದರೂ, ರಾಜ್ಯಸಭೆಯ ಒಪ್ಪಿಗೆ ಸಿಗುವ ಮೊದಲೇ ಲೋಕಸಭೆಯ ಅವಧಿ ಮುಗಿದು ಅದು 2019ರಲ್ಲಿ ಬಿದ್ದುಹೋಯಿತು. ಹೀಗಾಗಿ ಇಂದಿಗೂ ನಾವು ಹಲವು ಕಾಯ್ದೆಗಳನ್ನು ಜೋಡಿಸಿಕೊಂಡೇ ಹೋರಾಡಬೇಕು.

ಕೇಂದ್ರದ ಕಾನೂನುಗಳಲ್ಲಿ ಮುಖ್ಯವಾದದ್ದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಇದು ಹಳೆಯ ಭಾರತೀಯ ದಂಡ ಸಂಹಿತೆಯ 370ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಒಬ್ಬ ವಯಸ್ಕರನ್ನು ಸಾಗಿಸಿದರೆ 7ರಿಂದ 10 ವರ್ಷ, ಒಬ್ಬರಿಗಿಂತ ಹೆಚ್ಚು ಜನರನ್ನು ಅಥವಾ ಒಂದು ಮಗುವನ್ನು ಸಾಗಿಸಿದರೆ 10 ವರ್ಷದಿಂದ ಜೀವಾವಧಿ, ಒಂದಕ್ಕಿಂತ ಹೆಚ್ಚು ಮಕ್ಕಳಾದರೆ 14 ವರ್ಷದಿಂದ ಜೀವಾವಧಿ ಶಿಕ್ಷೆಯಿದೆ. ಇದರಲ್ಲಿ ಪೊಲೀಸರೋ ಬೇರೆ ಸರ್ಕಾರಿ ನೌಕರರೋ ಕೈಜೋಡಿಸಿದ್ದು ಸಾಬೀತಾದರೆ ಉಳಿದ ಆಯುಷ್ಯವೆಲ್ಲ ಸೆರೆವಾಸ. ಇದರ ಜೊತೆಗೆ ಅನೈತಿಕ ವ್ಯವಹಾರ ತಡೆ ಕಾಯ್ದೆ 1956, ಜೀತ ಪದ್ಧತಿ ರದ್ದತಿ ಕಾಯ್ದೆ 1976, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012, ಬಾಲನ್ಯಾಯ ಕಾಯ್ದೆ 2015 ಇವೆ.

ರಾಜ್ಯಕ್ಕೆ ಇಲ್ಲಿ ಏನು ಕೆಲಸ ಎಂದು ಕೇಳಬಹುದು. ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಯಲ್ಲಿದೆ, ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ಸಮವರ್ತಿ ಪಟ್ಟಿ ಎಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ವಿಷಯಗಳ ಪಟ್ಟಿ. ಹಾಗಾಗಿ ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ಕೇಂದ್ರದ ಕಾಯ್ದೆಯನ್ನು ತನ್ನ ಗಡಿಯೊಳಗೆ ಇನ್ನಷ್ಟು ಬಿಗಿಗೊಳಿಸಲು ರಾಜ್ಯಕ್ಕೆ ಅವಕಾಶವಿದೆ. ಕರ್ನಾಟಕ ಇದನ್ನು ಬಾಲ್ಯವಿವಾಹದ ವಿಷಯದಲ್ಲಿ ಬಳಸಿಕೊಂಡಿತು. ಕೇಂದ್ರದ 2006ರ ಕಾಯ್ದೆಯಂತೆ ಬಾಲ್ಯವಿವಾಹವನ್ನು ರದ್ದುಪಡಿಸಲು ಸಾಮಾನ್ಯವಾಗಿ ಮದುವೆಯಾದ ಮಗುವೇ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಕರ್ನಾಟಕದ ತಿದ್ದುಪಡಿಯ ನಂತರ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಯ ಹೆಸರಿನಲ್ಲಿ ಹುಡುಗಿಯನ್ನು ಹೊರರಾಜ್ಯಕ್ಕೆ ಸಾಗಿಸುವ ದಲ್ಲಾಳಿಗಳು "ಮದುವೆಯಾಗಿದೆ, ಗಂಡನ ಮನೆಗೆ ಹೋಗಿದ್ದಾಳೆ" ಎಂದು ವಾದಿಸಿದಾಗ ಈ ತಿದ್ದುಪಡಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಎರಡನೆಯದು ದೇವದಾಸಿ ಪದ್ಧತಿಯ ವಿರುದ್ಧದ ಶಾಸನ. 1982ರ ಕರ್ನಾಟಕ ಕಾಯ್ದೆ ಮುತ್ತು ಕಟ್ಟಿಸುವುದನ್ನು, ಅಂದರೆ ಹೆಣ್ಣನ್ನು ದೇವರಿಗೆ ಅರ್ಪಿಸುವುದನ್ನು, ಅಪರಾಧವಾಗಿಸಿತು. 2025ರಲ್ಲಿ ಶಾಸನಸಭೆ ಅಂಗೀಕರಿಸಿದ ಹೊಸ ವಿಧೇಯಕ ನಿಷೇಧದ ಜೊತೆಗೆ ಪುನರ್ವಸತಿಯನ್ನೂ, ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಕಾನೂನಿನ ಚೌಕಟ್ಟಿಗೆ ತಂದಿತು. ಮೂರನೆಯದು 1985ರ ಕಾಯ್ದೆ, ಜನರ ಬಾಯಲ್ಲಿ ಗೂಂಡಾ ಕಾಯ್ದೆ ಎಂದೇ ಹೆಸರಾದದ್ದು. ಅದರ ಪೂರ್ಣ ಶೀರ್ಷಿಕೆಯಲ್ಲಿ ಅನೈತಿಕ ವ್ಯವಹಾರದ ಅಪರಾಧಿಗಳೂ ಸೇರಿದ್ದಾರೆ ಎಂಬುದು ಹಲವರಿಗೆ ತಿಳಿಯದು. ಪದೇ ಪದೇ ಇದೇ ದಂಧೆಯಲ್ಲಿ ಸಿಕ್ಕಿಬೀಳುವವರನ್ನು ಇದರಡಿ 12 ತಿಂಗಳವರೆಗೆ ಮುಂಜಾಗ್ರತಾ ಬಂಧನದಲ್ಲಿ ಇಡಬಹುದು.

ಬೇರೆ ರಾಜ್ಯಗಳು ಇನ್ನೊಂದು ದಾರಿಯಲ್ಲಿಯೂ ನಡೆದಿವೆ. ಛತ್ತೀಸ್‌ಗಢ 2013ರಲ್ಲಿ, ಜಾರ್ಖಂಡ್ 2016ರಲ್ಲಿ ಕೆಲಸ ಕೊಡಿಸುವ ಖಾಸಗಿ ಏಜೆನ್ಸಿಗಳನ್ನು ನೋಂದಣಿಯ ಕಟ್ಟುಪಾಡಿಗೆ ತರುವ ಶಾಸನ ಮಾಡಿದವು. ಕಳ್ಳಸಾಗಣೆ ಶುರುವಾಗುವುದೇ ಊರಿನ ದಲ್ಲಾಳಿಯಿಂದ ಆದ್ದರಿಂದ ಅಪರಾಧ ನಡೆದ ಮೇಲಿನ ಶಿಕ್ಷೆಗಿಂತ ಇಂಥ ನೋಂದಣಿ ಹೆಚ್ಚು ಬಲ ಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಮನೆಗೆಲಸದವರನ್ನು ಕರೆತರುವ ಏಜೆನ್ಸಿಗಳು ಬೀದಿಗೊಂದರಂತೆ ಇರುವ ಬೆಂಗಳೂರಿಗೆ ಅದರ ಅಗತ್ಯ ಬಹಳವಿದೆ.

ಹಂತ 1: ಅಪಾಯ ಈಗಲೇ ಇದೆಯೇ ಎಂದು ನಿರ್ಧರಿಸಿ, ಕರೆ ಮಾಡಿ

ಹೊಡೆತ, ಕೂಡಿಹಾಕುವುದು, ಲೈಂಗಿಕ ದೌರ್ಜನ್ಯ ಅಥವಾ ಬೇರೆಡೆಗೆ ಸಾಗಿಸುವ ಸಿದ್ಧತೆ ಕಂಡರೆ ದೂರು ಬರೆಯುತ್ತ ಕೂರಬೇಡಿ, 112ಕ್ಕೆ ಕರೆ ಮಾಡಿ. ಮಕ್ಕಳ ವಿಷಯವಾದರೆ 1098, ಮಹಿಳೆಯರ ವಿಷಯವಾದರೆ 181, ರೈಲಿನಲ್ಲೋ ನಿಲ್ದಾಣದಲ್ಲೋ ಆದರೆ 139. ಕರೆ ಮಾಡಿದಾಗ ಕಟ್ಟಡದ ಹೆಸರು, ಮಹಡಿ, ಹತ್ತಿರದ ಗುರುತು, ಎಷ್ಟು ಜನ ಒಳಗಿದ್ದಾರೆ, ಎಷ್ಟು ಬಾಗಿಲುಗಳಿವೆ ಎಂಬುದನ್ನು ಹೇಳಿ. ನಿಮ್ಮ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ಎಚ್ಚರಿಕೆ: ಕಾರ್ಖಾನೆಯ ಮಾಲೀಕರನ್ನೋ ಮನೆಯವರನ್ನೋ ನೀವೇ ಹೋಗಿ ಪ್ರಶ್ನಿಸಬೇಡಿ. ಸುಳಿವು ಸಿಕ್ಕಿದ ಒಂದೆರಡು ಗಂಟೆಯೊಳಗೆ ಆ ವ್ಯಕ್ತಿಯನ್ನು ಬೇರೆ ಕಡೆಗೆ ಕಳುಹಿಸಿಬಿಡುತ್ತಾರೆ, ಆಮೇಲೆ ಪೊಲೀಸರು ಬಂದಾಗ ಖಾಲಿ ಕೋಣೆ ಉಳಿದಿರುತ್ತದೆ. ವಿಡಿಯೊ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕುವುದೂ ಬೇಡ. ಮಗುವಿನ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮತ್ತು ಪೋಕ್ಸೊ ಕಾಯ್ದೆಯ 23ನೇ ಕಲಮಿನಂತೆ ಅಪರಾಧ.

ಹಂತ 2: ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ

143ನೇ ಕಲಮಿನ ಒಳಗೆ ಮೂರು ಭಾಗಗಳಿವೆ. ಮೊದಲನೆಯದು ಕೃತ್ಯ: ನೇಮಿಸಿಕೊಂಡರೇ, ಸಾಗಿಸಿದರೇ, ಆಶ್ರಯ ಕೊಟ್ಟು ಇಟ್ಟುಕೊಂಡರೇ, ಬೇರೆಯವರಿಗೆ ಒಪ್ಪಿಸಿದರೇ, ಪಡೆದುಕೊಂಡರೇ? ಇವುಗಳಲ್ಲಿ ಒಂದಿದ್ದರೂ ಸಾಕು, ಆದ್ದರಿಂದ ಕರೆತಂದವನು ಬೇರೆ, ಇಟ್ಟುಕೊಂಡವನು ಬೇರೆಯಾದರೂ ಇಬ್ಬರೂ ಹೊಣೆಗಾರರು. ಎರಡನೆಯದು ವಿಧಾನ: ಬೆದರಿಕೆ, ಬಲಪ್ರಯೋಗ, ಅಪಹರಣ, ಮೋಸ, ಅಧಿಕಾರದ ದುರುಪಯೋಗ, ಅಥವಾ ಹಣದ ಆಮಿಷ. ಆ ವ್ಯಕ್ತಿಯ ಮೇಲೆ ಹಿಡಿತವಿರುವ ತಂದೆ, ಸಂಬಂಧಿಕರಿಗೆ ಹಣ ಕೊಟ್ಟು ಒಪ್ಪಿಸುವುದೂ ಇದರಲ್ಲಿ ಸೇರುತ್ತದೆ. ಮೂರನೆಯದು ಉದ್ದೇಶ: ದೈಹಿಕ ಅಥವಾ ಲೈಂಗಿಕ ಶೋಷಣೆ, ಗುಲಾಮಗಿರಿ ಅಥವಾ ಅದರಂಥ ಪದ್ಧತಿ, ದಾಸ್ಯ, ಭಿಕ್ಷಾಟನೆ, ಬಲವಂತವಾಗಿ ಅಂಗಾಂಗ ತೆಗೆಯುವುದು. ಭಿಕ್ಷಾಟನೆಯನ್ನು ಹೊಸ ಸಂಹಿತೆಯಲ್ಲಿ ಸೇರಿಸಲಾಗಿದೆ, ಹಳೆಯದರಲ್ಲಿ ಇರಲಿಲ್ಲ.

ಎರಡು ಸೂಕ್ಷ್ಮಗಳನ್ನು ಇಲ್ಲಿ ಗಮನಿಸಿ. "ಅವಳೇ ಒಪ್ಪಿಕೊಂಡು ಬಂದಳು" ಎಂಬ ವಾದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಏಕೆಂದರೆ ಸಂತ್ರಸ್ತರ ಒಪ್ಪಿಗೆ ಅಪರಾಧದ ನಿರ್ಣಯಕ್ಕೆ ಮುಖ್ಯವಲ್ಲ ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ಇನ್ನೊಂದು, "ಬಲವಂತದ ದುಡಿಮೆ" ಎಂಬ ಪದ ಶೋಷಣೆಯ ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಅದಕ್ಕಾಗಿಯೇ ದುಡಿಮೆಯ ಪ್ರಕರಣಗಳಲ್ಲಿ ದೈಹಿಕ ಶೋಷಣೆಯನ್ನೂ ದಾಸ್ಯದ ಸ್ಥಿತಿಯನ್ನೂ ತೋರಿಸುವ ಸಂಗತಿಗಳನ್ನು ಬಿಡಿಸಿ ಬರೆಯಬೇಕು, ಜೊತೆಗೆ ಜೀತ ಕಾಯ್ದೆಯನ್ನು ತಪ್ಪದೆ ಸೇರಿಸಬೇಕು.

ಕೈಗೆ ಸಿಕ್ಕಷ್ಟು ದಾಖಲೆ ಜೋಡಿಸಿಕೊಳ್ಳಿ: ಬಸ್ಸಿನ ಅಥವಾ ರೈಲಿನ ಟಿಕೆಟ್, ಹಣ ಹಾಕಿದ ಫೋನ್‌ಪೇ ಅಥವಾ ಬ್ಯಾಂಕ್ ವಿವರ, ದಲ್ಲಾಳಿಯ ಮೊಬೈಲ್ ಸಂಖ್ಯೆ, ಧ್ವನಿ ಸಂದೇಶಗಳು. ಇಟ್ಟಿಗೆ ಗೂಡು, ಕಲ್ಲುಕ್ವಾರಿ, ಕಟ್ಟಡ ಕೆಲಸಗಳಲ್ಲಿ ಮೇಸ್ತ್ರಿಯ ಬಳಿ ಸಾಮಾನ್ಯವಾಗಿ ಒಂದು ಸಣ್ಣ ಪುಸ್ತಕವಿರುತ್ತದೆ. ಒಂದು ಬದಿಯಲ್ಲಿ ಕೊಟ್ಟ ಮುಂಗಡ, ಇನ್ನೊಂದು ಬದಿಯಲ್ಲಿ ವಾರವಾರ ಕೊಟ್ಟ ಬಟವಾಡೆ, ಅದರಿಂದ ಹಿಡಿದುಕೊಂಡ ಅಕ್ಕಿ, ಔಷಧಿ, ಬಸ್ ಚಾರ್ಜು ಹೀಗೆ ಸಾಲಾಗಿ ಬರೆದಿರುತ್ತಾರೆ. ಆ ಪುಟದ ಒಂದು ಫೋಟೊ ಸಿಕ್ಕರೆ ಹತ್ತು ಸಾಕ್ಷಿಗಳ ಬಲ ಅದಕ್ಕಿದೆ. ಆದರೆ ಅದನ್ನು ತರಲು ಒಳಗಿರುವ ಕಾರ್ಮಿಕರನ್ನು ಅಪಾಯಕ್ಕೆ ಒಡ್ಡಬೇಡಿ, ಪುಸ್ತಕವಿದೆ ಎಂಬ ಮಾಹಿತಿಯನ್ನು ದೂರಿನಲ್ಲಿ ಬರೆದರೆ ಪೊಲೀಸರು ಜಪ್ತಿ ಮಾಡಬಹುದು.

ಹಂತ 3: ದೂರು ಬರೆಯುವುದು

ಹೆಚ್ಚಿನ ದೂರುಗಳು ಹೀಗಿರುತ್ತವೆ: "ನನ್ನ ತಮ್ಮ ಆನೇಕಲ್ ಬಳಿಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದು, ಮಾಲೀಕರು ಮೂರು ತಿಂಗಳಿನಿಂದ ಸಂಬಳ ಕೊಟ್ಟಿರುವುದಿಲ್ಲ. ಆದ್ದರಿಂದ ಸಂಬಳ ಕೊಡಿಸಿಕೊಡಬೇಕಾಗಿ ಪ್ರಾರ್ಥನೆ." ಇದನ್ನು ಓದಿದ ಅಧಿಕಾರಿ ಕಾರ್ಮಿಕ ಇಲಾಖೆಗೆ ಹೋಗಿ ಎಂದರೆ ಅವರನ್ನು ದೂರುವಂತಿಲ್ಲ, ಕಾಗದದಲ್ಲಿ ಇರುವುದು ಅಷ್ಟೇ.

ಅದೇ ಸಂಗತಿಯನ್ನು ಹೀಗೆ ಬರೆದು ನೋಡಿ. ಇದು ಮಾದರಿ ಮಾತ್ರ, ನಿಮ್ಮ ಪ್ರಕರಣದ ನಿಜಾಂಶಗಳನ್ನೇ ಹಾಕಬೇಕು:

"ನಮ್ಮೂರಿನ ಮೇಸ್ತ್ರಿಯು ತಿಂಗಳಿಗೆ 15,000 ರೂಪಾಯಿ ಕೂಲಿ, ಉಳಿಯಲು ಮನೆ ಕೊಡುವುದಾಗಿ ನಂಬಿಸಿ, ನನ್ನ ತಂದೆಗೆ 40,000 ರೂಪಾಯಿ ಮುಂಗಡ ಕೊಟ್ಟು, ನನ್ನ ತಮ್ಮ ಮತ್ತು ಅವನ ಹೆಂಡತಿಯನ್ನು ಟೆಂಪೊದಲ್ಲಿ ಕರೆದುಕೊಂಡು ಬಂದು ಗೂಡಿನ ಮಾಲೀಕರಿಗೆ ಒಪ್ಪಿಸಿರುತ್ತಾನೆ. ಇಬ್ಬರಿಗೂ ಸೇರಿ ವಾರಕ್ಕೆ 500 ರೂಪಾಯಿ ಮಾತ್ರ ಕೊಡುತ್ತಿದ್ದಾರೆ. ಬೆಳಗಿನ ಜಾವ ನಾಲ್ಕರಿಂದ ರಾತ್ರಿ ಎಂಟರವರೆಗೆ ದುಡಿಸುತ್ತಾರೆ. ಸಂತೆಗೆ ಹೋಗಬೇಕಾದರೆ ಇಬ್ಬರಲ್ಲಿ ಒಬ್ಬರು ಗೂಡಿನಲ್ಲೇ ಇರಬೇಕು. ಆಧಾರ್ ಕಾರ್ಡು, ಫೋನು ಮಾಲೀಕರ ಬಳಿ ಇವೆ. ಊರಿಗೆ ಹೋಗುತ್ತೇವೆ ಎಂದಾಗ ಮುಂಗಡ ತೀರಿಸಿ ಹೋಗಿ ಎಂದು ಹೇಳಿ ನನ್ನ ತಮ್ಮನಿಗೆ ಹೊಡೆದಿರುತ್ತಾರೆ."

ಎರಡನೆಯದರಲ್ಲಿ ನೇಮಕವೂ ಸಾಗಣೆಯೂ ಒಪ್ಪಿಸಿದ್ದೂ ಇವೆ, ಸುಳ್ಳು ಭರವಸೆಯೂ ಹಣದ ಆಮಿಷವೂ ಇವೆ, ದಾಸ್ಯವೂ ಇದೆ. "ಸಂತೆಗೆ ಹೋದರೆ ಒಬ್ಬರು ಗೂಡಿನಲ್ಲೇ ಇರಬೇಕು" ಎಂಬ ಒಂದು ವಾಕ್ಯ ಓಡಾಟದ ಸ್ವಾತಂತ್ರ್ಯ ಇಲ್ಲ ಎಂಬುದನ್ನು ಯಾವ ಕಾನೂನು ಪದವೂ ಇಲ್ಲದೆ ಸ್ಥಾಪಿಸಿಬಿಡುತ್ತದೆ. ನಿಮಗೆ ಕಲಂ ಸಂಖ್ಯೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಕೆಳಗೆ "ಇದು ಭಾರತೀಯ ನ್ಯಾಯ ಸಂಹಿತೆಯ 143 ಮತ್ತು ಜೀತ ಪದ್ಧತಿ ರದ್ದತಿ ಕಾಯ್ದೆಯ ಅಪರಾಧಗಳಾಗಿರುವುದರಿಂದ ಪ್ರಕರಣ ದಾಖಲಿಸಬೇಕು" ಎಂದು ಒಂದು ಸಾಲು ಸೇರಿಸಿ.

ಎಚ್ಚರಿಕೆಗಳು ಮೂರು. ಕೃತ್ಯ ನಡೆದದ್ದು 2024ರ ಜುಲೈ 1ಕ್ಕಿಂತ ಮುಂಚೆಯಾದರೆ ಅನ್ವಯಿಸುವುದು ಹಳೆಯ 370ನೇ ಕಲಂ, ಆದ್ದರಿಂದ ಕರೆತಂದ ದಿನಾಂಕವನ್ನು ಸರಿಯಾಗಿ ನೆನಪಿಸಿಕೊಂಡು ಬರೆಯಿರಿ. ಗೊತ್ತಿಲ್ಲದ್ದನ್ನು ಊಹಿಸಿ ಸೇರಿಸಬೇಡಿ, ವಿಚಾರಣೆಯಲ್ಲಿ ಒಂದು ಸುಳ್ಳು ಸಿಕ್ಕರೆ ಉಳಿದ ಹತ್ತು ನಿಜಗಳೂ ಅನುಮಾನಕ್ಕೆ ಒಳಗಾಗುತ್ತವೆ. ಸಂತ್ರಸ್ತರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಆರೋಪಿ ಆ ಸಮುದಾಯದವರಲ್ಲದಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಿ. ಬಿಟ್ಟಿ ಚಾಕರಿ, ಜೀತ ಮಾಡಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪ್ರತ್ಯೇಕ ಅಪರಾಧ, ಅದಕ್ಕೆ ಪ್ರತ್ಯೇಕ ಪರಿಹಾರವೂ ಉಂಟು.

ಹಂತ 4: ಠಾಣೆಯಲ್ಲಿ ಎಫ್‌ಐಆರ್

ಎಫ್‌ಐಆರ್ ಎಂದರೆ ಪ್ರಥಮ ವರ್ತಮಾನ ವರದಿ. ಮಾನವ ಕಳ್ಳಸಾಗಣೆ ಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಿ ತನಿಖೆ ಮಾಡಬೇಕಾದದ್ದು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲೇ ದೂರು ತೆಗೆದುಕೊಳ್ಳಬೇಕು. ಇದನ್ನು ಜೀರೊ ಎಫ್‌ಐಆರ್ ಎನ್ನುತ್ತಾರೆ, ಆಮೇಲೆ ಅವರೇ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುತ್ತಾರೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಬಹಳ ಜನ ಎಡವುವುದು ಇಲ್ಲಿ. ದೂರು ತೆಗೆದುಕೊಂಡು ಸ್ವೀಕೃತಿ ಚೀಟಿ ಕೊಟ್ಟರೆ ಪ್ರಕರಣ ದಾಖಲಾಯಿತು ಎಂದು ತಿಳಿದು ಮನೆಗೆ ಬಂದುಬಿಡುತ್ತಾರೆ. ಸ್ವೀಕೃತಿ ಎಫ್‌ಐಆರ್ ಅಲ್ಲ. ಎಫ್‌ಐಆರ್‌ನಲ್ಲಿ ಅಪರಾಧ ಸಂಖ್ಯೆ ಮತ್ತು ಕಲಂಗಳು ಇರುತ್ತವೆ, 143 ಅಲ್ಲಿ ಇದೆಯೇ ಎಂದು ಠಾಣೆಯಲ್ಲೇ ನಿಂತು ನೋಡಿಕೊಳ್ಳಿ. "ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತೇವೆ" ಎಂದರೆ ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮನ್ನು ವಿನಯದಿಂದ ನೆನಪಿಸಿ: ಆ 14 ದಿನಗಳ ಪ್ರಾಥಮಿಕ ವಿಚಾರಣೆ ಇರುವುದು ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ, 143ನೇ ಕಲಮಿನ ಶಿಕ್ಷೆ ಶುರುವಾಗುವುದೇ ಏಳು ವರ್ಷದಿಂದ.

ದಾಖಲಿಸಲು ನಿರಾಕರಿಸಿದರೆ ಇನ್ನೊಂದು ಕಲಮನ್ನು ತಿಳಿದಿರಬೇಕು. ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂ ಕೆಲವೇ ಅಪರಾಧಗಳನ್ನು ಹೆಸರಿಸಿ, ಅವುಗಳ ಬಗ್ಗೆ ಬಂದ ಮಾಹಿತಿಯನ್ನು ದಾಖಲಿಸದ ಸರ್ಕಾರಿ ನೌಕರರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕಠಿಣ ಶಿಕ್ಷೆ ಎಂದು ಹೇಳುತ್ತದೆ. ಆ ಪಟ್ಟಿಯಲ್ಲಿ 143 ಇದೆ, ಸಾಗಿಸಿ ತಂದವರನ್ನು ಲೈಂಗಿಕವಾಗಿ ಶೋಷಿಸುವುದರ ವಿರುದ್ಧದ 144ನೇ ಕಲಮೂ ಇದೆ. ಇದನ್ನು ಬೆದರಿಕೆಯಾಗಿ ಬಳಸುವ ಅಗತ್ಯವಿಲ್ಲ. ನಿಮ್ಮ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಆ ವಿಭಾಗದ ಉಪ ಪೊಲೀಸ್ ಆಯುಕ್ತರಿಗೆ (ಡಿಸಿಪಿ) ಕಳುಹಿಸುವಾಗ ಒಂದು ಸಾಲಿನಲ್ಲಿ ಉಲ್ಲೇಖಿಸಿದರೆ ಸಾಕು. ಅಲ್ಲಿಯೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅಂಚೆ ರಸೀದಿಯನ್ನು ಜೋಪಾನವಾಗಿಡಿ, ನ್ಯಾಯಾಲಯ ಮೊದಲು ಕೇಳುವುದು ಅದನ್ನೇ. ಬೆಂಗಳೂರಿನಲ್ಲಿ ಕೇಂದ್ರ ಅಪರಾಧ ವಿಭಾಗದ, ಅಂದರೆ ಸಿಸಿಬಿಯ, ಮಹಿಳಾ ಸಂರಕ್ಷಣಾ ದಳವೂ ಇಂಥ ಪ್ರಕರಣಗಳಲ್ಲಿ ದಾಳಿ ನಡೆಸುತ್ತದೆ, ಠಾಣೆಗೆ ಕೊಟ್ಟ ದೂರಿನ ಒಂದು ಪ್ರತಿಯನ್ನು ಅಲ್ಲಿಗೂ ಕೊಡಿ.

ಮಗು ಕಾಣೆಯಾಗಿದ್ದರೆ "24 ಗಂಟೆ ಕಾಯಿರಿ" ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಕಾಣೆಯಾದ ಪ್ರತಿ ಮಗುವಿನ ವಿಷಯದಲ್ಲೂ ಅಪಹರಣ ಅಥವಾ ಕಳ್ಳಸಾಗಣೆ ನಡೆದಿದೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಆದೇಶಿಸಿದೆ. ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ನಾಲ್ಕು ತಿಂಗಳು ತುಂಬಿದ ದಿನ ಅದನ್ನು ಬರವಣಿಗೆಯಲ್ಲಿ ಕೇಳಿ.

ಹಂತ 5: ದುಡಿಮೆಯ ಪ್ರಕರಣವಾದರೆ ಉಪವಿಭಾಗಾಧಿಕಾರಿಯ ಕಚೇರಿ

ಪೊಲೀಸ್ ಪ್ರಕರಣ ಒಂದು ಹಳಿಯಾದರೆ ಜೀತ ವಿಮುಕ್ತಿ ಇನ್ನೊಂದು ಹಳಿ, ಎರಡೂ ಒಟ್ಟಿಗೆ ಸಾಗಬೇಕು. ಜೀತ ಎಂದರೆ ಕಾಲಿಗೆ ಸರಪಳಿ ಹಾಕಿರಬೇಕು ಎಂಬ ಕಲ್ಪನೆ ಅಧಿಕಾರಿಗಳಲ್ಲೂ ಇದೆ. 1976ರ ಕಾಯ್ದೆ ಕೇಳುವುದು ಇಷ್ಟೇ: ಮುಂಗಡದ ಅಥವಾ ಸಾಲದ ಕಾರಣಕ್ಕೆ ಕನಿಷ್ಠ ಕೂಲಿ ತಪ್ಪಿದೆಯೇ, ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ತಪ್ಪಿದೆಯೇ, ಓಡಾಡುವ ಸ್ವಾತಂತ್ರ್ಯ ತಪ್ಪಿದೆಯೇ, ತನ್ನ ದುಡಿಮೆಯನ್ನೋ ಸರಕನ್ನೋ ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ತಪ್ಪಿದೆಯೇ? ಇವುಗಳಲ್ಲಿ ಒಂದು ಸಾಕು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ 23ನೇ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಜೀತವಲ್ಲ ಎಂದು ಸಾಬೀತುಪಡಿಸುವ ಹೊಣೆಯೂ 15ನೇ ಕಲಮಿನಂತೆ ಸಾಲ ಕೊಟ್ಟವನದೇ.

ಬೆಂಗಳೂರು ನಗರ ಜಿಲ್ಲೆಗೆ ಸಂಬಂಧಿಸಿದ ಅರ್ಜಿಗಳು ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿರುವ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗಳಿಗೆ ಹೋಗುತ್ತವೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಕಡೆಯ ಗೂಡುಗಳಾದರೆ ಅವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರುತ್ತವೆ. ಈ ವ್ಯತ್ಯಾಸ ತಿಳಿಯದೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ದಿನ ಕಳೆಯಬೇಡಿ. ಅರ್ಜಿಯಲ್ಲಿ ಸ್ಥಳ ಪರಿಶೀಲನೆ, ಪ್ರತಿಯೊಬ್ಬ ಕಾರ್ಮಿಕರ ಪ್ರತ್ಯೇಕ ಹೇಳಿಕೆ, ಜೀತದಿಂದ ಬಿಡುಗಡೆಯಾಗಿದೆ ಎಂಬ ಬಿಡುಗಡೆ ಪ್ರಮಾಣಪತ್ರ ಈ ಮೂರನ್ನೂ ಕೇಳಿ. ಮಾಲೀಕರ ಎದುರಿಗೇ ಹೇಳಿಕೆ ಪಡೆಯುವುದು ಅತಿ ಸಾಮಾನ್ಯವಾದ ಲೋಪ. ಹತ್ತು ಹೆಜ್ಜೆ ಆಚೆ ಮಾಲೀಕ ನಿಂತಿದ್ದರೆ ಯಾವ ಕೂಲಿಯಾಳೂ ಬಾಯಿ ಬಿಡುವುದಿಲ್ಲ, "ನಮಗೇನೂ ತೊಂದರೆಯಿಲ್ಲ ಸಾರ್" ಎಂಬ ಒಂದೇ ಸಾಲು ಎಲ್ಲ ಹೇಳಿಕೆಗಳಲ್ಲೂ ಬರುತ್ತದೆ, ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಬೇರೆ ಸ್ಥಳಕ್ಕೆ ಕರೆದೊಯ್ದು, ಊಟ ನೀರು ಕೊಟ್ಟು, ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕೆಂದು ಮೊದಲೇ ಬರೆದು ಕೋರಿ. ಒಡಿಯಾ, ಹಿಂದಿ, ತೆಲುಗು ಮಾತನಾಡುವ ಕಾರ್ಮಿಕರಾದರೆ ದುಭಾಷಿ ಬೇಕೆಂದೂ ಕೋರಿ.

ಬಿಡುಗಡೆ ಪ್ರಮಾಣಪತ್ರವೇ ಮುಂದಿನ ಎಲ್ಲದಕ್ಕೂ ಕೀಲಿ. ಅದಿಲ್ಲದೆ ಕಾರ್ಮಿಕರನ್ನು ಬಸ್ಸು ಹತ್ತಿಸಿ ಊರಿಗೆ ಕಳುಹಿಸಿದರೆ ಕಾನೂನಿನ ಕಣ್ಣಲ್ಲಿ ಅವರು ಕೆಲಸ ಬಿಟ್ಟು ಹೋದವರು, ಅಷ್ಟೇ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವಿದೆ. ಆನಂತರ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಅಥವಾ ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಸಿಗುತ್ತದೆ. ಕಾಯ್ದೆಯ ಪ್ರಕಾರ ಮುಂಗಡದ ಸಾಲ ತಾನಾಗಿಯೇ ವಜಾ ಆಗುತ್ತದೆ. ವಜಾ ಆದ ಸಾಲವನ್ನು ವಸೂಲು ಮಾಡುವುದೇ 9ನೇ ಕಲಮಿನಂತೆ ಅಪರಾಧ. ಆದ್ದರಿಂದ "ಮುಂಗಡ ಕೊಟ್ಟುಬಿಡಿ, ರಾಜಿ ಮಾಡಿಕೊಳ್ಳಿ" ಎಂದು ಯಾರೇ ಮಧ್ಯಸ್ಥಿಕೆಗೆ ಬಂದರೂ ಒಪ್ಪಬೇಡಿ.

ಹಂತ 6: ಮಕ್ಕಳು ಮತ್ತು ಲೈಂಗಿಕ ಶೋಷಣೆಯ ಪ್ರಕರಣಗಳು

ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ವಯಸ್ಸಿನ ವಿಷಯದಲ್ಲಿ ಎಚ್ಚರವಿರಲಿ: ಹುಟ್ಟಿದ ವರ್ಷ ತಿದ್ದಿದ ಆಧಾರ್ ಕಾರ್ಡನ್ನು ಏಜೆಂಟರು ಮೊದಲೇ ಸಿದ್ಧ ಮಾಡಿಟ್ಟಿರುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ವಯಸ್ಸಿಗೆ ಕೇಳುವುದು ಶಾಲೆಯ ದಾಖಲೆ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲಿ ಇಲ್ಲ. ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ದಾಖಲಾತಿ ಪುಸ್ತಕದ ಪ್ರತಿ ತರಿಸಿಕೊಳ್ಳುವುದು ಒಳ್ಳೆಯದು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವ ಅನುಮಾನವಿದ್ದರೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ನಿಮ್ಮ ಕಡ್ಡಾಯ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು.

ವಯಸ್ಕ ಮಹಿಳೆಯರ ವಿಷಯ ಹೆಚ್ಚು ಸೂಕ್ಷ್ಮ. 1956ರ ಕಾಯ್ದೆಯಡಿ ವಾರಂಟ್ ಇಲ್ಲದೆ ಶೋಧ ನಡೆಸುವ ಅಧಿಕಾರ ರಾಜ್ಯ ಸರ್ಕಾರ ನೇಮಿಸಿದ ವಿಶೇಷ ಪೊಲೀಸ್ ಅಧಿಕಾರಿಗೆ ಇದೆ. ಶೋಧದ ವೇಳೆ ಇಬ್ಬರು ಸ್ಥಳೀಯ ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ರಕ್ಷಿಸಿದ ಮಹಿಳೆಯನ್ನು ಮಹಿಳಾ ಪೊಲೀಸ್ ಅಧಿಕಾರಿಯೇ ವಿಚಾರಿಸಬೇಕು, ಅವರು ಸಿಗದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯ ಮಹಿಳೆಯೊಬ್ಬರು ಜೊತೆಗಿರಬೇಕು. ಈ ಕ್ರಮ ತಪ್ಪಿದರೆ ಆರೋಪಿಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕರನ್ನು ಕಳ್ಳಸಾಗಣೆಯ ಸಂತ್ರಸ್ತರೊಂದಿಗೆ ಬೆರೆಸಿಬಿಡುವುದು ಇಬ್ಬರಿಗೂ ಅನ್ಯಾಯ. ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ರಕ್ಷಣಾ ಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಿರುವ ವಯಸ್ಕ ಮಹಿಳೆಯರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶಿಸಿದೆ. ನೀವು ದೂರು ಕೊಡುವಾಗ ಬಲವಂತ, ಮೋಸ, ಅಪ್ರಾಪ್ತ ವಯಸ್ಸು ಇವುಗಳನ್ನು ಮಾತ್ರ ಬರೆಯಿರಿ, ಯಾರ ನಡತೆಯ ಬಗ್ಗೆಯೂ ಬರೆಯಬೇಡಿ.

ವಿದೇಶದ ಕೆಲಸದ ಆಮಿಷದ ಬಗ್ಗೆಯೂ ಹಲವರು ಕೇಳಿದ್ದಾರೆ. ಆಗ್ನೇಯ ಏಷ್ಯಾದ ದೇಶಗಳಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ನಂಬಿಸಿ ಆನ್‌ಲೈನ್ ವಂಚನೆಯ ಕೇಂದ್ರಗಳಿಗೆ ಒಪ್ಪಿಸುವುದೂ ಕಳ್ಳಸಾಗಣೆಯೇ. ಏಜೆಂಟರ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದು ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಈಗಾಗಲೇ ಹೋಗಿ ಸಿಕ್ಕಿಬಿದ್ದಿದ್ದರೆ, ನೇಮಕಾತಿ ನಡೆದದ್ದು ಬೆಂಗಳೂರಿನಲ್ಲಾದ್ದರಿಂದ ಮನೆಯವರು ಇಲ್ಲಿಯೇ ಎಫ್‌ಐಆರ್ ಮಾಡಿಸಬಹುದು, ಅದರ ಪ್ರತಿಯನ್ನು ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಕಳುಹಿಸಿ.

ಹಂತ 7: ವಕೀಲರು, ಪರಿಹಾರಧನ, ಸಾಕ್ಷಿಯ ರಕ್ಷಣೆ

ಮಾನವ ಕಳ್ಳಸಾಗಣೆ ಅಥವಾ ಬಿಟ್ಟಿ ಚಾಕರಿಗೆ ತುತ್ತಾದವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಉಚಿತ ವಕೀಲರ ನೆರವಿದೆ, ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. 15100ಕ್ಕೆ ಕರೆ ಮಾಡಿ, ಅಥವಾ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದಲೂ ಇದೆ. ಅರ್ಜಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕು ಎಂಬ ತಪ್ಪು ತಿಳಿವಳಿಕೆಯಿಂದ ಬಹಳಷ್ಟು ಜನ ಅರ್ಜಿಯನ್ನೇ ಹಾಕುವುದಿಲ್ಲ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಪರಿಹಾರ ಕೋರಬಹುದು, ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು, ಚಿಕಿತ್ಸೆಗೆ ಮಧ್ಯಂತರ ನೆರವನ್ನೂ ಕೇಳಬಹುದು. ಅರ್ಜಿಗೆ ಎಫ್‌ಐಆರ್ ಪ್ರತಿ, ಗುರುತಿನ ದಾಖಲೆ, ವೈದ್ಯಕೀಯ ದಾಖಲೆಯಿದ್ದರೆ ಅದು, ಸಂತ್ರಸ್ತರ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಯ ವಿವರ ಲಗತ್ತಿಸಿ. ಕಳ್ಳಸಾಗಣೆಯಲ್ಲಿ ಹಣ ಪಡೆದ ಸಂಬಂಧಿಕರ ಜೊತೆ ಜಂಟಿ ಖಾತೆ ಕೊಡಬೇಡಿ.

ದಾಖಲಾದ ತೊಂಬತ್ತು ದಿನಗಳಲ್ಲಿ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವುದು ತನಿಖಾಧಿಕಾರಿಯ ಕರ್ತವ್ಯ, ತಿಳಿಸದಿದ್ದರೆ ಬರವಣಿಗೆಯಲ್ಲಿ ಕೇಳಿ. ಸಂತ್ರಸ್ತರ ಹೇಳಿಕೆಯನ್ನು ಅವರು ಊರಿಗೆ ಮರಳುವ ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲು ಒತ್ತಾಯಿಸಿ, ಏಕೆಂದರೆ ಊರಲ್ಲಿ ದಲ್ಲಾಳಿಯ ಕಡೆಯವರ ಒತ್ತಡ ಶುರುವಾಗುವುದು ಅವರು ಬಸ್ಸಿಳಿದ ದಿನದಿಂದಲೇ. ಬೆದರಿಕೆ ಬಂದರೆ 2018ರಲ್ಲಿ ಸುಪ್ರೀಂ ಕೋರ್ಟ್ ಅನುಮೋದಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಕೊಡಬಹುದು. ವಿಚಾರಣೆ ಶುರುವಾದಾಗ ಸಾಕ್ಷಿ ನುಡಿಯಲು ರಾಯಚೂರಿನಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಬರಲಾಗದಿದ್ದರೆ, ತಮ್ಮ ಜಿಲ್ಲೆಯ ನ್ಯಾಯಾಲಯದಿಂದಲೇ ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಹೇಳಲು ಅನುಮತಿ ಕೊಡಿಸುವಂತೆ ಸರ್ಕಾರಿ ಅಭಿಯೋಜಕರನ್ನು ಲಿಖಿತವಾಗಿ ಕೋರಿ, ಸಮನ್ಸ್ ಕೈಸೇರಿದ ವಾರದಲ್ಲೇ ಈ ಕೆಲಸ ಮುಗಿಸಿ.